ಬಿಸಿ ತಾಗಿದರೆ ಹಣ್ಣಿನ ಹುಳಿ ಹೋಗುತ್ತದೆಯೇ?

ಚಕ್ಕೋತದಂಥ ಹುಳಿ-ಕಹಿ ಹಣ್ಣು ಗ್ರೇಪ್‌ಫ್ರೂಟನ್ನು ಅಡ್ಡಕ್ಕೆ ಎರಡು ಹೋಳು ಮಾಡಿ. ಮೇಲೊಂದು ಚಮಚ ಸಕ್ಕರೆ ಉದುರಿಸಿ, ಓವನ್ನಿನಲ್ಲಿ ಮೇಲಿನ ರಾಡ್‌ಗೆ ಹತ್ತಿರ ಐದಾರು ನಿಮಿಷ ಇಡಿ. ಸಕ್ಕರೆ ಕರಗಿ ಕಂದಾಗುತ್ತದೆ. ಬೆಳಗಿನ ತಿಂಡಿಗೂ ಆಯ್ತು, ಊಟದ ನಂತರದ ಸಿಹಿಗೂ ಆಯ್ತು.

ತಿಂದವರು ಹೇಳುವುದು ಒಂದೇ ಮಾತು: ‘ಬಿಸಿಗೆ ಹುಳಿ ಹೋಯ್ತು.’ ಇಲ್ಲ, ಎಲ್ಲೂ ಹೋಗಿಲ್ಲ! ಹುಳಿ ಕೊಡುವ ಸಿಟ್ರಿಕ್ ಆಮ್ಲ ಆವಿಯಾಗಿ ಹಾರುವ ವಸ್ತುವಲ್ಲ. ತೊಳೆಗಳ ತುಂಬ ನೀರಿರುವುದರಿಂದ ಒಳಗಿನ ಬಿಸಿ 100 ಡಿಗ್ರಿ ದಾಟುವುದೂ ಇಲ್ಲ. ನಾವು ಉದುರಿಸಿದ್ದು ಬಿಟ್ಟರೆ ಹೊಸ ಸಕ್ಕರೆಯೂ ಹುಟ್ಟಿಲ್ಲ. ಬದಲಾಗಿದ್ದು ನಮ್ಮ ನಾಲಗೆ.

ಸಿಹಿ ಗುರುತಿಸುವ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಪುಟ್ಟ ಪ್ರೋಟೀನ್ ಬಾಗಿಲುಗಳಿವೆ. ಸಕ್ಕರೆ ತಾಗಿದಾಗ ಅವು ತೆರೆಯುತ್ತವೆ, ಮಿದುಳಿಗೆ ಸುದ್ದಿ ಹೊರಡುತ್ತದೆ. 15ರಿಂದ 35 ಡಿಗ್ರಿಯವರೆಗೆ ಬಿಸಿ ಏರಿದಂತೆ ಇವು ಇನ್ನೂ ಸಲೀಸಾಗಿ ತೆರೆಯುತ್ತವೆ ಎಂದು ಬೆಲ್ಜಿಯಂನ ಲ್ಯುವೆನ್‌ನ ಸಂಶೋಧಕರು ಮತ್ತು ಅವರ ಜೊತೆಗಾರರು 2005ರಲ್ಲಿ ತೋರಿಸಿದರು. ಬಿಗಿದ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ರೇಡಿಯೋದ ವಾಲ್ಯೂಮ್ ತಿರುಗಿಸಿದ ಹಾಗೆ ಅಂತಲೂ ಅನ್ನಬಹುದು: ಹಾಡು ಅದೇ, ಕೇಳುವುದು ಜೋರಾಗಿ. ಮಂಜು ಕವಿದ ಕಿಟಕಿ ಒರೆಸಿದರೆ ಹೊರಗಿನ ಮರ ದೊಡ್ಡದಾಗುವುದಿಲ್ಲ, ಕಾಣುತ್ತದೆ ಅಷ್ಟೆ. ಕರಗಿ ಬೆಚ್ಚಗಾದ ಐಸ್‌ಕ್ರೀಂ ನೆಕ್ಕಿ ನೋಡಿ. ಸಿಹಿ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದೇ ಇದು. ಸಿಹಿ ಜೋರಾದಾಗ ಹುಳಿ ಹಿಂದೆ ಸರಿದಂತೆ ಅನ್ನಿಸುತ್ತದೆ.

ಈ ಹಣ್ಣಿನಲ್ಲಿರುವ ನಾರಿಂಜಿನ್ ಎಂಬ ವಸ್ತುವಿನ ಕಹಿ ಮಾತ್ರ ಉಳಿಯುತ್ತದೆ. ಚಿಟಿಕೆ ಉಪ್ಪು ಹಾಕಿ. ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ.

ಇನ್ನೊಂದು ತಪ್ಪು ನಂಬಿಕೆ ಇದೆ: ಬೆಂಕಿ ಕಂಡ ಕೂಡಲೇ ‘ಸಿ’ ವಿಟಮಿನ್ ಪೂರ್ತಿ ನಾಶವಂತೆ. ಇಲ್ಲಿ ಜೇಮ್ಸ್ ಲಿಂಡ್‌ನ ಕಥೆ ಹೇಳಲೇಬೇಕು. 1747ರಲ್ಲಿ ಈ ಹಡಗಿನ ವೈದ್ಯ, ‘ಸಿ’ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗ ಹಿಡಿದ 12 ನಾವಿಕರಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಔಷಧ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಎಂಥ ಸರಳ, ಎಂಥ ಸುಂದರ ಪ್ರಯೋಗ! ಆಮೇಲೆ ಅದೇ ಲಿಂಡ್, ರಸ ಕೆಡದಿರಲೆಂದು ಗಂಟೆಗಟ್ಟಲೆ ಕಾಯಿಸಿ ಪಾಕದಂತೆ ಇಳಿಸಲು ಹೇಳಿದ. ಔಷಧದ ಬಲವೇ ಹೊರಟುಹೋಯಿತು. ಅಂದರೆ ಬಿಸಿ ಎಷ್ಟು ಹೊತ್ತು ತಾಗಿತು ಅನ್ನುವುದೇ ಮುಖ್ಯ. ನಮ್ಮ ಹಣ್ಣಿಗೆ ಬಿಸಿ ತಾಗುವುದು ಐದಾರು ನಿಮಿಷ, ಅದೂ ಮೇಲಿನಿಂದ. ಅಡಿಯ ತೊಳೆಗಳು ಬರೀ ಬೆಚ್ಚಗಾಗಿರುತ್ತವೆ.

ನಿಜವಾಗಿ ಹೆದರಬೇಕಾದ್ದು ಬೇರೆ. ಗ್ರೇಪ್‌ಫ್ರೂಟಿನಲ್ಲಿರುವ ಫ್ಯುರಾನೊಕೌಮರಿನ್ ಎಂಬ ವಸ್ತುಗಳು ಔಷಧ ಒಡೆಯುವ ಕರುಳಿನ ಕಿಣ್ವವೊಂದನ್ನು ಕಟ್ಟಿಹಾಕುತ್ತವೆ. ಆಗ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಅಪಾಯ ತರುವಷ್ಟು ಏರಬಹುದು. ರಕ್ತದೊತ್ತಡಕ್ಕೆ ಫೆಲೋಡಿಪಿನ್, ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುವವರು ದಯವಿಟ್ಟು ಇದನ್ನು ಮುಟ್ಟಬೇಡಿ. ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ. ಸಿಹಿ ಕಿತ್ತಳೆಗೆ ಈ ತೊಂದರೆ ಇಲ್ಲ, ಅದನ್ನೂ ಹೀಗೇ ಸುಡಬಹುದು.