ಮೌಲ್ಯಾಂಕನ: ಅದು ಪರೀಕ್ಷೆಯೋ, ಅಲ್ಲವೋ?

2024ರ ಮಾರ್ಚ್ 13ರ ಬೆಳಿಗ್ಗೆ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಪರೀಕ್ಷೆ ಪ್ಯಾಡನ್ನು ತೊಡೆ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕನ್ನಡ, ಇಂಗ್ಲಿಷ್ ಮುಗಿದಿತ್ತು, ಅವತ್ತು ಪರಿಸರ ಅಧ್ಯಯನ. ಆದರೆ ಹಿಂದಿನ ದಿನವೇ ಸುಪ್ರೀಂ ಕೋರ್ಟ್ ಈ ಪರೀಕ್ಷೆಗೆ ತಡೆ ಕೊಟ್ಟಿತ್ತು. "ಹಾಗಾದ್ರೆ ಓದಿದ್ದೆಲ್ಲ ವೇಸ್ಟಾ?" ಅಂತ ಕೇಳಿದಳು. ಅವಳ ಬಾಯಲ್ಲಿ ಅದು "ಬೋರ್ಡ್ ಎಕ್ಸಾಂ". ಸರ್ಕಾರದ ಕಾಗದದಲ್ಲಿ "ಸಂಕಲನಾತ್ಮಕ ಮೌಲ್ಯಾಂಕನ" (ಕಲಿತದ್ದನ್ನು ಒಟ್ಟಾಗಿ ನೋಡುವುದು), ವರ್ಷದ ಎರಡನೆಯದು, ಅಂದರೆ ಎಸ್‌ಎ-2. ಜಗಳವೆಲ್ಲ ಈ ಎರಡು ಹೆಸರುಗಳ ನಡುವೆಯೇ ಇತ್ತು ಅಂದರೂ ತಪ್ಪಿಲ್ಲ.

ಮೌಲ್ಯ, ಅಂಕನ. ಅಂಕನ ಅಂದರೆ ಗುರುತು ಹಾಕುವುದು. ಮೌಲ್ಯಮಾಪನ ಅಂತ ಇನ್ನೊಂದು ಪದ ಇದೆ, ಅದನ್ನು ನಾವು ಜಾಸ್ತಿ ಬಳಸುವುದು ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ತಿದ್ದುವುದಕ್ಕೆ. ಮೌಲ್ಯಾಂಕನ ಹಾಗಲ್ಲ. ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಕಂಡುಕೊಳ್ಳುವುದು.

ಒಂದು ಲೆಕ್ಕ ತಗೊಳ್ಳಿ. 52ರಲ್ಲಿ 37 ಕಳೆದರೆ ಎಷ್ಟು ಅಂದರೆ ಮಗು 25 ಅಂತ ಬರೆಯುತ್ತೆ. ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ, ಕೆಂಪು ಗೆರೆ, ಮುಂದಿನ ಪ್ರಶ್ನೆ. ಮೇಷ್ಟ್ರು ಒಂದು ನಿಮಿಷ ನಿಂತು ನೋಡಿದರೆ ಮಾತ್ರ ಮಗು ಮಾಡಿದ್ದು ಗೊತ್ತಾಗುತ್ತೆ: ಐದರಲ್ಲಿ ಮೂರು ಕಳೆದಿದೆ, ಇನ್ನೊಂದು ಕಡೆ ಎರಡರಲ್ಲಿ ಏಳು ಹೋಗಲ್ಲವಲ್ಲ, ಸುಮ್ನೆ ತಿರುಗಿಸಿ ಏಳರಲ್ಲಿ ಎರಡು ಕಳೆದಿದೆ. ದಶಕದಿಂದ ಸಾಲ ತರುವುದು ಅದಕ್ಕೆ ತಿಳಿದಿಲ್ಲ. ಈ ಪತ್ತೆದಾರಿಕೆಯೇ ಮೌಲ್ಯಾಂಕನ. ವರ್ಷದಲ್ಲಿ ನಾಲ್ಕು ಎಫ್‌ಎ (ಪಾಠದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಾಂಕನ), ಎರಡು ಎಸ್‌ಎ ಇಟ್ಟಿರುವುದು ಇದಕ್ಕೇ.

ಹಾಗಾದರೆ ಗಲಾಟೆ ಯಾಕೆ? ಆ ವರ್ಷ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5, 8, 9ನೇ ತರಗತಿಗಳ ಎಸ್‌ಎ-2 ಪ್ರಶ್ನೆಪತ್ರಿಕೆ ಬಂದಿದ್ದು ಕ್ಲಾಸ್ ಮೇಷ್ಟ್ರಿಂದ ಅಲ್ಲ, ಮಂಡಳಿಯಿಂದ. (ಆ ಮಂಡಳಿಯ ಹೆಸರು ನೋಡಿ: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಎರಡೂ ಇರಲಿ ಅಂತ!) ಎಲ್ಲರಿಗೂ ಒಂದೇ ಪತ್ರಿಕೆ, ಒಂದೇ ದಿನ, ಒಂದೇ ಅಳತೆಗೋಲು. ಪ್ರಮಾಣೀಕೃತ ಪರೀಕ್ಷೆ ಅನ್ನುವುದು ಇದಕ್ಕೇ. ಬೀದರಿನ ಮಗುವನ್ನೂ ಮಂಗಳೂರಿನ ಮಗುವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಅದು ಲಾಭ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಹೇಳುವುದು, ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಅಂತ. 2019ರ ತಿದ್ದುಪಡಿ ಬಂದು 5 ಮತ್ತು 8ಕ್ಕೆ ವರ್ಷದ ಕೊನೆಯಲ್ಲಿ ಪರೀಕ್ಷೆ ಇರಲಿ ಅಂತು. ಎರಡೂ ಕಾನೂನು ಪುಸ್ತಕದಲ್ಲಿವೆ. 2023ರಲ್ಲೂ ಹೀಗೇ ಆಗಿತ್ತು, ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂತು, ವಿಭಾಗೀಯ ಪೀಠ ನಡೆಸಿ ಅಂತು.

ನನಗನ್ನಿಸುವುದು, ಹೆಸರನ್ನು ನೋಡಿ ಏನೂ ಗೊತ್ತಾಗಲ್ಲ. ಪತ್ರಿಕೆ ತಿದ್ದಿದ ಮೇಲೆ ಏನಾಗುತ್ತೆ ಅಂತ ನೋಡಬೇಕು. ಆ 25ರ ಕಥೆ ತಿರುಗಿ ಮೇಷ್ಟ್ರಿಗೆ ಹೋದರೆ ಮೌಲ್ಯಾಂಕನ. ಬೇರೆ ಶಾಲೆಯವರು ಯಾರೋ ತಿದ್ದಿ, ಬರೀ ಅಂಕ ವೆಬ್‌ಸೈಟಿಗೆ ಹತ್ತಿ, ಅಷ್ಟರಲ್ಲಿ ಬೇಸಿಗೆ ರಜೆ ಬಂದುಬಿಟ್ಟರೆ ಅದು ಪರೀಕ್ಷೆಯೇ, ಯಾರನ್ನೂ ಫೇಲ್ ಮಾಡದಿದ್ದರೂ ಸರಿ. ಸರ್ಕಾರಕ್ಕೆ ಶಾಲೆಗಳ ಸ್ಥಿತಿ ತಿಳಿಯಬೇಕಿದ್ದರೆ ಅದಕ್ಕೆ ಬೇರೆ ದಾರಿಯೂ ಇದೆ ಅಲ್ವಾ? 2021ರ ನವೆಂಬರ್ 12ರಂದು ದೇಶಾದ್ಯಂತ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಆಯ್ದ ಶಾಲೆಗಳ ಮಕ್ಕಳು ಮಾತ್ರ ಬರೆದರು. ಅನ್ನ ಬೆಂದಿದೆಯಾ ಅಂತ ನೋಡಲು ಅಗುಳು ಹಿಸುಕುತ್ತೇವೆ, ಇಡೀ ಪಾತ್ರೆ ಸುರಿಯಲ್ಲ.

2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಮತ್ತೆ ನಡೆಸಿ ಅಂದ ಮೇಲೆ ಉಳಿದ ಪೇಪರ್‌ಗಳು ಮಾರ್ಚ್ 25ರಿಂದ ನಡೆದವು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೂ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹುಡುಗಿ ಆರನೇ ಕ್ಲಾಸಿಗೆ ಹೋದಳು. ಗಣಿತದಲ್ಲಿ ಎಷ್ಟು ಬಂತು ಅಂತ ಕೇಳಿದರೆ "ಕೋರ್ಟಲ್ಲಿದೆ ಅಂಕಲ್" ಅನ್ನುತ್ತಿದ್ದಳು.