ಸ್ಪೂಕ್: ದೆವ್ವ, ಗೂಢಚಾರ ಮತ್ತು ಐನ್‌ಸ್ಟೈನ್

ಇಂಗ್ಲಿಷಿನವರು ಸಲಿಗೆಯ ಮಾತಿನಲ್ಲಿ ದೆವ್ವವನ್ನು ‘ಸ್ಪೂಕ್’ ಎನ್ನುತ್ತಾರೆ. ಮೂಲತಃ ಡಚ್ ಭಾಷೆಯ ಈ ಪದ 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಇಂಗ್ಲಿಷಿಗೆ ಬಂತು. ಕುದುರೆ ಬೆಚ್ಚಿದರೂ, ಷೇರುಪೇಟೆ ಬೆದರಿದರೂ ಅಲ್ಲಿ ಇದೇ ಕ್ರಿಯಾಪದ. ಕಣ್ಣಿಗೆ ಬೀಳದೆ ಸುಳಿದಾಡುವ ಗೂಢಚಾರನೂ ಸ್ಪೂಕ್. ಕಪ್ಪು ಅಮೆರಿಕನ್ನರನ್ನು ಹೀಯಾಳಿಸಲು ಇದನ್ನೇ ಬಳಸಿದ ಕೆಟ್ಟ ಇತಿಹಾಸವೂ ಇದೆ. ಹಾಗಾಗಿ ಮನುಷ್ಯರ ಬಗ್ಗೆ ಆಡುವಾಗ ಎಚ್ಚರ ಬೇಕು.

ಈ ಪದ ಭೌತವಿಜ್ಞಾನದೊಳಗೆ ಕಾಲಿಟ್ಟ ಕಥೆ ನನಗೆ ಎಲ್ಲಕ್ಕಿಂತ ಸೋಜಿಗ. 1947ರಲ್ಲಿ ಐನ್‌ಸ್ಟೈನ್ ತಮ್ಮ ಗೆಳೆಯ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೆ ಬರೆದ ಪತ್ರದಲ್ಲಿ, ಭೌತವಿಜ್ಞಾನದಲ್ಲಿ ದೂರದಿಂದಲೇ ನಡೆಯುವ ದೆವ್ವದಾಟಕ್ಕೆ ಜಾಗವಿರಬಾರದು ಎಂಬ ನಿಲುವು ತಳೆದರು. ಬರೆದದ್ದು ಜರ್ಮನ್‌ನಲ್ಲಿ, ಇಂಗ್ಲಿಷಿಗೆ ಅದು ‘ಸ್ಪೂಕಿ’ ಎಂದು ಬಂತು.

ಅವರನ್ನು ಕಾಡಿದ್ದು ಹೆಣೆದುಕೊಂಡ ಕಣಗಳ, ಅಂದರೆ ಒಂದೇ ಸ್ಥಿತಿಯನ್ನು ಹಂಚಿಕೊಂಡ ಜೋಡಿ ಕಣಗಳ, ನಡವಳಿಕೆ. ಇಂಥ ಜೋಡಿಯನ್ನು ಎಷ್ಟೇ ದೂರ ಒಯ್ದರೂ ಒಂದರ ಅಳತೆಗೂ ಇನ್ನೊಂದರ ಅಳತೆಗೂ ತಾಳೆಯಾಗುತ್ತದೆ. ಅಳೆಯುವ ಮೊದಲು ಎರಡಕ್ಕೂ ನಿಶ್ಚಿತ ಮೌಲ್ಯವೇ ಇರುವುದಿಲ್ಲ ಎನ್ನುತ್ತದೆ ಅತಿ ಸಣ್ಣ ಕಣಗಳ ಲೋಕವನ್ನು ವಿವರಿಸುವ ಕ್ವಾಂಟಂ ಸಿದ್ಧಾಂತ. ಐನ್‌ಸ್ಟೈನ್ ಇದನ್ನು ಒಪ್ಪಲಿಲ್ಲ. ಒಂದು ಜೊತೆ ಚಪ್ಪಲಿಯನ್ನು ಎರಡು ಚೀಲಗಳಲ್ಲಿಟ್ಟು ಎರಡು ಊರಿಗೆ ಕಳಿಸಿದರೆ, ಇಲ್ಲಿ ಎಡಗಾಲಿನದು ಸಿಕ್ಕೊಡನೆ ಅಲ್ಲಿರುವುದು ಬಲಗಾಲಿನದೆಂದು ತಿಳಿಯುತ್ತದೆ. ಅದರಲ್ಲಿ ದೆವ್ವವಿಲ್ಲ. ಕಣಗಳೂ ತಮ್ಮ ಉತ್ತರವನ್ನು ಮೊದಲೇ ಹೊತ್ತು ಸಾಗಿರಬೇಕು ಎಂಬುದು ಅವರ ವಾದದ ತಿರುಳು. ಒಪ್ಪತಕ್ಕ ವಾದವೇ.

1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಇದನ್ನು ಪರೀಕ್ಷಿಸುವ ದಾರಿ ತೋರಿಸಿದರು. ಉತ್ತರ ಮೊದಲೇ ನಿಶ್ಚಿತವಾಗಿದ್ದು, ಒಂದೆಡೆಯ ಅಳತೆ ಇನ್ನೊಂದೆಡೆಯನ್ನು ಮುಟ್ಟದಿದ್ದರೆ, ಫಲಿತಾಂಶಗಳ ಹೊಂದಾಣಿಕೆ ಒಂದು ಮಿತಿ ದಾಟಲಾರದು. ಆ ಬಗೆಯ ಪ್ರಯೋಗಗಳು 1972ರಿಂದಲೇ ನಡೆದವು. ಅತ್ಯಂತ ಬಿಗಿಯಾದ ಪ್ರಯೋಗಗಳಲ್ಲೊಂದು ನಡೆದದ್ದು 2015ರಲ್ಲಿ, ‘ಸ್ಪೂಕ್’ ಪದದ ತವರಾದ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ. ಸುಮಾರು 1.3 ಕಿಲೋಮೀಟರ್ ಅಂತರದ ಎರಡು ವಜ್ರಗಳಲ್ಲಿದ್ದ ಎಲೆಕ್ಟ್ರಾನ್‌ಗಳನ್ನು ಅಳೆದರು. ಬೆಳಕು ಅಷ್ಟು ದೂರ ಕ್ರಮಿಸಲು ಬೇಕಾದ ಸುಮಾರು 4.3 ಮೈಕ್ರೋಸೆಕೆಂಡ್‌ಗಳೊಳಗೇ ಎರಡೂ ಕಡೆ ಅಳತೆ ಮುಗಿಯಿತು. ಒಂದು ಕಡೆಯ ಸುದ್ದಿ ಇನ್ನೊಂದು ಕಡೆ ತಲುಪಲು ಸಮಯವೇ ಇರಲಿಲ್ಲ. 245 ಬಾರಿ ಅಳೆದಾಗ ಹೊಂದಾಣಿಕೆಯನ್ನು ಸೂಚಿಸುವ ಅಂಕಿ 2.42 ಬಂತು, ಬೆಲ್ ಹೇಳಿದ ಮಿತಿ 2. ಚಪ್ಪಲಿಯ ವಿವರಣೆ ಬಿದ್ದುಹೋಯಿತು. ಈ ಹಾದಿಯಲ್ಲಿ ದುಡಿದ ಜಾನ್ ಕ್ಲೌಸರ್, ಅಲೆನ್ ಆಸ್ಪೆ, ಆಂಟನ್ ಝೈಲಿಂಗರ್ ಅವರಿಗೆ 2022ರ ಭೌತವಿಜ್ಞಾನದ ನೊಬೆಲ್ ಬಂತು.

ಹಾಗೆಂದು ಈ ಹೆಣಿಗೆಯಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಲಾಗದು. ಒಂದೊಂದು ತುದಿಯಲ್ಲೂ ಕಾಣುವುದು ಗೊತ್ತುಗುರಿಯಿಲ್ಲದ ಫಲಿತಾಂಶಗಳ ಸಾಲು ಮಾತ್ರ. ಎರಡನ್ನೂ ಪಕ್ಕದಲ್ಲಿಟ್ಟಾಗಲೇ ಹೊಂದಾಣಿಕೆ ಕಾಣುವುದು. ಟೆಲಿಪತಿಗೆ ಕ್ವಾಂಟಂ ಹೆಸರಿಟ್ಟು ಮಾರುವವರನ್ನು ನಂಬಬೇಡಿ.

ನಿಜವಾದ ಉಪಯೋಗ ಬೇರೆಡೆ ಇದೆ. 1991ರಲ್ಲಿ ಭೌತವಿಜ್ಞಾನಿ ಆರ್ಟುರ್ ಎಕರ್ಟ್, ಹೆಣೆದುಕೊಂಡ ಕಣಗಳಿಂದ ಗುಪ್ತ ಕೀಲಿ (ಸಂದೇಶವನ್ನು ಗುಟ್ಟಾಗಿಡುವ ಸಂಕೇತ) ಹಂಚಿಕೊಳ್ಳುವ ವಿಧಾನವನ್ನು ಮುಂದಿಟ್ಟರು. ನಡುವೆ ಗೂಢಚಾರ ಕೈಯಾಡಿಸಿದರೆ ಹೊಂದಾಣಿಕೆ ಕೆಡುತ್ತದೆ, ಬೆಲ್ ಅಂಕಿ ಇಳಿಯುತ್ತದೆ, ಕದ್ದಾಲಿಕೆ ಬಯಲಾಗುತ್ತದೆ. ದೂರ ಹೆಚ್ಚಿದಷ್ಟೂ ಬೆಳಕಿನ ಕಣಗಳು ಕೇಬಲ್‌ನಲ್ಲೇ ಕಳೆದುಹೋಗುವುದು ಇಲ್ಲಿನ ದೊಡ್ಡ ತೊಡಕು. ಅದಕ್ಕಾಗಿಯೇ ವಿಜ್ಞಾನಿಗಳು ಆಕಾಶದ ಕಡೆ ತಿರುಗಿದರು: 2017ರಲ್ಲಿ ಚೀನಾದ ಮಿಸಿಯಸ್ ಉಪಗ್ರಹ ಸುಮಾರು 1,200 ಕಿಲೋಮೀಟರ್ ಅಂತರದ ಎರಡು ಕೇಂದ್ರಗಳಿಗೆ ಇಂಥ ಜೋಡಿಗಳನ್ನು ಇಳಿಸಿತು.