ಮಣ್ಣಿನ ಹೊತ್ತಿನಲ್ಲಿ ನಿತ್ಯಜೀವದ ಮಾತು

ಬಳ್ಳಾರಿ, ರಾಯಚೂರು ಕಡೆ ಕ್ರೈಸ್ತರ ಮನೆಯಲ್ಲಿ ಸಾವಾದರೆ ಓಣಿಯವರೆಲ್ಲ ಮಣ್ಣಿಗೆ ಬರುತ್ತಾರೆ. ಅಲ್ಲಿ ಸಭೆಯ ಹಿರಿಯರು ಸಾಮಾನ್ಯವಾಗಿ ಹೇಳುವುದು, 'ದೇಹ ಮಣ್ಣಾಯಿತು, ಆತ್ಮ ಪರಲೋಕ ಸೇರಿತು' ಎಂದು. ಇದು ಅರ್ಧ ಮಾತು. ಆತ್ಮಕ್ಕೆ ಸಾವಿಲ್ಲವೆಂದು ಅಲ್ಲಿ ನಿಂತ ಹೆಚ್ಚಿನವರು ಮೊದಲೇ ನಂಬಿರುತ್ತಾರೆ. ಕ್ರೈಸ್ತರ ವಿಶ್ವಾಸಪ್ರಮಾಣ ಹೇಳುವುದು ಶರೀರದ ಪುನರುತ್ಥಾನವನ್ನು, ಅಂದರೆ ಸತ್ತ ದೇಹ ಮತ್ತೆ ಎದ್ದು ಬರುವುದನ್ನು. ಅಮರತ್ವ ದೇವರೊಬ್ಬನಿಗೇ ಸೇರಿದ್ದು (ಬೈಬಲಿನ 1 ತಿಮೊಥೆ 6:16). ಮನುಷ್ಯನಿಗೆ ಅದು ಕ್ರಿಸ್ತನ ಮೂಲಕ ಸಿಗುವ ವರ.

ಓದಲು 1 ಕೊರಿಂಥ 15ನೇ ಅಧ್ಯಾಯಕ್ಕಿಂತ ಒಳ್ಳೆಯದಿಲ್ಲ. ಆದರೆ 58 ವಚನಗಳನ್ನೂ ಏಪ್ರಿಲ್ ಬಿಸಿಲಲ್ಲಿ ಓದಿದರೆ ಯಾರ ಕಿವಿಗೂ ಬೀಳದು. 35ರಿಂದ 44, ಆಮೇಲೆ 51ರಿಂದ 57 ಸಾಕು. ಆ ಪತ್ರ ಬರೆದ ಪೌಲನು ಅಲ್ಲಿ ಬಿತ್ತುವ ಕಾಳಿನ ಮಾತು ತೆಗೆಯುತ್ತಾನೆ. ಎರೆ ಹೊಲದಲ್ಲಿ ಬಿಳಿಜೋಳ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಿತ್ತಿದ ಕಾಳು ಹಾಗೇ ಮೇಲೆ ಬರುವುದಿಲ್ಲ, ಬರುವ ದಂಟು ಬೇರೆ ಬೀಜದ್ದೂ ಅಲ್ಲ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯವಿತ್ತು, ಶಿಷ್ಯರ ಮುಂದೆ ಆತ ಸುಟ್ಟ ಮೀನು ತಿಂದ (ಲೂಕ 24:42-43). ಅದೇ ದೇಹ, ಆದರೆ ಇನ್ನು ಸಾವು ತಟ್ಟದ ದೇಹ.

ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಕಥೆ ಹೇಳುವಾಗ ಎಚ್ಚರ ಬೇಕು. ನಾಲ್ಕು ದಿನ ಸಮಾಧಿಯಲ್ಲಿದ್ದ ಅವನು ಬದುಕಿ ಬಂದದ್ದು ಇದೇ ಸಾಯುವ ದೇಹದಲ್ಲಿ. ಅದು ಗುರುತು ಮಾತ್ರ, ಪುನರುತ್ಥಾನವಲ್ಲ. ಇನ್ನೊಂದು ತಪ್ಪು, 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ' ಎಂಬ ಯೋಹಾನ 11:25ಕ್ಕೇ ಓದು ನಿಲ್ಲಿಸುವುದು. ಹತ್ತು ವಚನ ಮುಂದೆ ಯೇಸು ತಾನೇ ಕಣ್ಣೀರಿಡುತ್ತಾನೆ. ಹೆಣದ ಪಕ್ಕ ಕುಳಿತ ತಾಯಿಗೆ 'ಅಳಬೇಡವ್ವಾ, ನಂಬಿಕೆ ಇಲ್ಲೇನು?' ಅನ್ನುವುದು ಕ್ರೂರ. 1 ಥೆಸಲೋನಿಕ 4:13 ಅಳಬೇಡಿ ಅನ್ನುವುದಿಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಅನ್ನುತ್ತದೆ.

ನಿತ್ಯಜೀವ ಸತ್ತ ಮೇಲಷ್ಟೇ ಶುರುವಾಗುತ್ತದೆ ಎಂಬುದೂ ಸರಿಯಲ್ಲ. ನಂಬುವವನು ಈಗಾಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ ಎನ್ನುತ್ತದೆ ಯೋಹಾನ 5:24.

ಸುಟ್ಟರೆ ಎದ್ದು ಬರುವುದು ಹೇಗೆ ಎಂದು ಮನೆಯವರು ಕೇಳುವುದುಂಟು. ದೇವರ ಶಕ್ತಿ ಎಲುಬು ಉಳಿಯುವುದನ್ನು ನೆಚ್ಚಿಕೊಂಡಿಲ್ಲ. ಕಥೋಲಿಕ ಧರ್ಮಸಭೆ 1963ರಲ್ಲೇ ದಹನಕ್ಕೆ ಒಪ್ಪಿದೆ, ಆದರೂ ಮಣ್ಣು ಮಾಡುವುದೇ ಮೇಲು ಎನ್ನುತ್ತದೆ. ಅದರ 2016ರ ಸೂಚನೆಯ ಪ್ರಕಾರ ಬೂದಿಯನ್ನು ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು. ಗಾಳಿಗೆ ತೂರುವಂತಿಲ್ಲ, ತುಂಗಭದ್ರೆಗೆ ಬಿಡುವಂತಿಲ್ಲ. ಮನೆಯವರು ಹೊಳೆಗೆ ಹೊರಡುವ ಮೊದಲೇ ಇದನ್ನು ತಿಳಿಸಿ, ಬೂದಿ ಇಡಲು ಸ್ಮಶಾನದಲ್ಲಿ ಜಾಗ ಗೊತ್ತುಮಾಡಿಕೊಡಿ.